ಕಂಬದ ಮೇಲಿನ ಮದನಿಕೆ, ಮನೆಯೊಳಗಿನ ಮಗಳು



ನಮ್ಮ ನಾಡಿನಲ್ಲಿ ಹೆಣ್ಣಿನ ರೂಪವಿಲ್ಲದ ಗುಡಿ ಸಿಗುವುದು ಕಷ್ಟ. ಊರು ಕಾಯುವವಳು ದ್ಯಾಮವ್ವ, ಸೀಮೆ ಕಾಯುವವಳು ದುರ್ಗವ್ವ, ಅನ್ನ ಕೊಡುವವಳು ಭೂಮಿತಾಯಿ. ತುಂಗೆ, ಭದ್ರೆ, ಕೃಷ್ಣೆ, ವರದೆ ಎಂದು ಹೊಳೆಗಳಿಗೂ ಹೆಣ್ಣಿನ ಹೆಸರನ್ನೇ ಇಟ್ಟೆವು. ಸೀಗೀ ಹುಣ್ಣಿಮೆ ಬಂತೆಂದರೆ ಬಸುರಿ ಮಗಳಿಗೆ ಉಡಿ ತುಂಬುವ ಹಾಗೆ ಪೈರು ಹೊತ್ತ ಹೊಲಕ್ಕೆ ಪೂಜೆ ಸಲ್ಲಿಸಿ, ಚರಗ ಚೆಲ್ಲಿ ಬರುತ್ತೇವೆ. ಇಷ್ಟೆಲ್ಲ ಪೂಜಿಸುವ ನಾಡಿನಲ್ಲಿ ಹೆಣ್ಣುಕೂಸು ಹುಟ್ಟಿತೆಂದರೆ ಮನೆಯವರ ಮೋರೆ ಸಣ್ಣದಾಗುವುದೇಕೆ? ಮೂರನೆಯದೋ ನಾಲ್ಕನೆಯದೋ ಹೆಣ್ಣಾದರೆ ಇನ್ನು ಸಾಕು ಎಂಬ ಅರ್ಥದಲ್ಲಿ ‘ಸಾಕವ್ವ’ ಎಂದು ಹೆಸರಿಟ್ಟವರು ನಮ್ಮಲ್ಲಿ ಇದ್ದರಲ್ಲವೇ? ಗುಡಿಯಲ್ಲಿ ಕೈ ಮುಗಿಸಿಕೊಳ್ಳುವ ಹೆಣ್ಣಿಗೂ ಮನೆಯಲ್ಲಿ ತಲೆ ತಗ್ಗಿಸಿ ನಿಲ್ಲುವ ಹೆಣ್ಣಿಗೂ ನಡುವೆ ಇಷ್ಟು ಅಂತರ ಹೇಗೆ ಬಂತು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಮ್ಮ ಶಿಲ್ಪ, ಪುರಾಣ, ಪಟಗಳನ್ನು ಒಮ್ಮೆ ನೋಡಿಬರುವುದು ಇಂದಿನ ಚಿಂತನೆಯ ಉದ್ದೇಶ.

ಮೊದಲು ಬಾದಾಮಿಗೆ ಹೋಗೋಣ. ಅಲ್ಲಿಯ ಗುಹಾಲಯಗಳು ಆರನೆಯ ಶತಮಾನದವು. ಮೊದಲನೆಯ ಗುಹೆಯ ಗೋಡೆಯ ಮೇಲೆ ಅರ್ಧನಾರೀಶ್ವರನ ಭವ್ಯ ಶಿಲ್ಪವಿದೆ. ಬಲಭಾಗ ಶಿವ, ಎಡಭಾಗ ಪಾರ್ವತಿ. ಎರಡೂ ಸೇರಿ ಒಂದೇ ದೇಹ. ಅದರ ಪಕ್ಕದಲ್ಲಿ ಎಲುಬಿನ ಹಂದರದಂತೆ ಕೈಜೋಡಿಸಿ ನಿಂತಿರುವ ಭೃಂಗಿಯನ್ನು ಅನೇಕ ಯಾತ್ರಿಕರು ಗಮನಿಸುವುದೇ ಇಲ್ಲ. ಭೃಂಗಿಯ ಕಥೆ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಶಿವನೊಬ್ಬನೇ ಸಾಕು, ದೇವಿ ಬೇಡ ಎಂದು ಹಟ ಹಿಡಿದು ಆತ ಶಿವನನ್ನು ಮಾತ್ರ ಪ್ರದಕ್ಷಿಣೆ ಹಾಕಿದ. ಶಕ್ತಿಯನ್ನು ಬಿಟ್ಟವನಿಗೆ ಶಕ್ತಿ ಉಳಿಯುವುದೆಲ್ಲಿಂದ? ರಕ್ತಮಾಂಸಗಳು ಹೋಗಿ ಮೂಳೆಗಳಷ್ಟೇ ಉಳಿದವು. ನಿಲ್ಲಲಾರದವನಿಗೆ ಶಿವನು ಕರುಣಿಸಿ ಮೂರನೆಯ ಕಾಲು ಕೊಟ್ಟನಂತೆ. ವೀರಶೈವ ಸಿದ್ಧಾಂತವನ್ನು ಶಕ್ತಿವಿಶಿಷ್ಟಾದ್ವೈತ ಎಂದು ಕರೆಯುತ್ತೇವೆ. ಬೆಂಕಿಯಿಂದ ಬಿಸಿಯನ್ನು ಬೇರ್ಪಡಿಸಲಾಗದ ಹಾಗೆ ಶಿವನಿಂದ ಶಕ್ತಿಯನ್ನು ಬೇರ್ಪಡಿಸಲಾಗದು ಎಂಬುದು ಅದರ ತಿರುಳು. ಪಂಡಿತರು ಗ್ರಂಥದಲ್ಲಿ ವಿಸ್ತರಿಸಿದ ಈ ಮಾತನ್ನು ಬಾದಾಮಿಯ ಶಿಲ್ಪಿ ಕಲ್ಲಿನಲ್ಲಿ ಹೇಳಿ ಮುಗಿಸಿದ್ದಾನೆ.

ಅದೇ ಬಾದಾಮಿಯ ವಸ್ತುಸಂಗ್ರಹಾಲಯದಲ್ಲಿ ನಾಗನಾಥಕೊಳ್ಳದಿಂದ ತಂದಿಟ್ಟ ಮತ್ತೊಂದು ಮೂರ್ತಿಯಿದೆ. ಜನ ಅದನ್ನು ಲಜ್ಜಾಗೌರಿ ಎನ್ನುತ್ತಾರೆ. ಹೆರಿಗೆಯ ಭಂಗಿಯಲ್ಲಿರುವ ಜಗನ್ಮಾತೆ ಅವಳು. ಸಂತಾನವನ್ನೂ ಬೆಳೆಯನ್ನೂ ಬೇಡಿ ಪೂಜಿಸುತ್ತಿದ್ದ ದೇವತೆ. ಆ ಮೂರ್ತಿಗೆ ತಲೆಯಿಲ್ಲ. ತಲೆಯ ಜಾಗದಲ್ಲಿ ಅರಳಿದ ಕಮಲವಿದೆ. ತಾಯ್ತನವೇ ಕಮಲದಂತೆ ಅರಳಿತು ಎಂದು ಅದಕ್ಕೆ ಒಳ್ಳೆಯ ಅರ್ಥವನ್ನೇ ಹೇಳಬಹುದು, ಹೇಳಬೇಕು. ಆದರೆ ಇನ್ನೊಂದು ವಿಚಾರವೂ ಹೊಳೆಯದಿರದು. ಹಡೆಯುವ ಒಡಲಿದೆ, ಎದೆಯಿದೆ. ಮಾತಾಡುವ ಬಾಯಿಲ್ಲ, ನೋಡುವ ಕಣ್ಣಿಲ್ಲ. ಹೆಣ್ಣನ್ನು ತಾಯಿ ಎಂದು ಹೊಗಳುತ್ತಲೇ ಅವಳ ಮಾತನ್ನು ಕೇಳದಿರುವ ನಮ್ಮ ಮನೆಗಳ ರೀತಿಗೆ ಆ ಮೂರ್ತಿ ಕನ್ನಡಿ ಹಿಡಿದಂತೆ ತೋರುತ್ತದೆ.

ಹಾಗೆಂದು ಆ ಕಾಲದ ಹೆಣ್ಣುಮಕ್ಕಳೆಲ್ಲ ಬಾಯಿಲ್ಲದವರಾಗಿದ್ದರೆಂದು ತಿಳಿಯಬಾರದು. ಬಾದಾಮಿಯಿಂದ ಹೆಚ್ಚು ದೂರವಿಲ್ಲದ ಪಟ್ಟದಕಲ್ಲಿನಲ್ಲಿ ವಿರೂಪಾಕ್ಷನ ದೊಡ್ಡ ಗುಡಿಯನ್ನು ಕಟ್ಟಿಸಿದವಳು ಲೋಕಮಹಾದೇವಿ. ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ಪಟ್ಟದ ರಾಣಿ ಅವಳು. ಗಂಡನು ಕಾಂಚಿಯನ್ನು ಮೂರು ಸಲ ಗೆದ್ದ ನೆನಪಿಗೆ ಎಂಟನೆಯ ಶತಮಾನದಲ್ಲಿ ಆ ದೇವಾಲಯವನ್ನು ನಿರ್ಮಿಸಿದಳೆಂದು ಶಾಸನವೇ ಹೇಳುತ್ತದೆ. ಅವಳ ಹೆಸರಿನಿಂದ ಅಲ್ಲಿಯ ದೇವರಿಗೆ ಲೋಕೇಶ್ವರ ಎಂಬ ಹೆಸರಿತ್ತು. ಪಕ್ಕದ ಮಲ್ಲಿಕಾರ್ಜುನ ದೇವಾಲಯವನ್ನು ಕಟ್ಟಿಸಿದವಳು ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿ. ಇಂದು ಪಟ್ಟದಕಲ್ಲಿಗೆ ಲೋಕವೆಲ್ಲ ಬರುತ್ತದೆ. 1987ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಆದರೆ ಗುಡಿ ನೋಡಿ ಹೊರಬಂದವರಲ್ಲಿ ಇದನ್ನು ಕಟ್ಟಿಸಿದವರು ಯಾರೆಂದು ಕೇಳಿದರೆ ಲೋಕಮಹಾದೇವಿಯ ಹೆಸರು ಹೇಳುವವರು ಎಷ್ಟು ಜನ? ಗೋಡೆಯ ಮೇಲೆ ಕೆತ್ತಿದ ಸುಂದರಿಯರು ಕಣ್ಣಿಗೆ ಬೀಳುತ್ತಾರೆ, ಗುಡಿಯನ್ನೇ ಎತ್ತಿ ನಿಲ್ಲಿಸಿದವಳು ಮರೆಯಾಗುತ್ತಾಳೆ.

ಮುಂದೆ ನಾಲ್ಕು ಶತಮಾನ ದಾಟಿ ಹೊಯ್ಸಳರ ಬೇಲೂರಿಗೆ ಬರೋಣ. ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಆ ದೇವಾಲಯದ ಮದನಿಕೆಯರ ಖ್ಯಾತಿ ಹೇಳತೀರದು. ಹೊರಗೆ 38, ಒಳಗೆ 4, ಒಟ್ಟು 42 ಮೂರ್ತಿಗಳು ಕಂಬದ ತುದಿಗೂ ಸೂರಿಗೂ ನಡುವೆ ಓರೆಯಾಗಿ ನಿಂತಿವೆ. ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಒಬ್ಬಳು ಗಿಳಿಯೊಡನೆ ಮಾತಾಡುತ್ತಿದ್ದಾಳೆ, ಒಬ್ಬಳ ಸೆರಗನ್ನು ಕೋತಿ ಜಗ್ಗುತ್ತಿದೆ. ಬಿಲ್ಲು ಹಿಡಿದು ಬೇಟೆಗೆ ಹೊರಟವಳಿದ್ದಾಳೆ, ವಾದ್ಯ ನುಡಿಸುವವಳಿದ್ದಾಳೆ, ತಾಳಕ್ಕೆ ಹೆಜ್ಜೆ ಹಾಕುವವಳಿದ್ದಾಳೆ. ಬಳಪದ ಕಲ್ಲಿನಲ್ಲಿ ಬಳೆಯ ಗೆರೆ, ಕೂದಲ ಎಳೆ ಬಿಡಿಬಿಡಿಯಾಗಿ ಕಾಣುವಂತೆ ಕೆತ್ತಿದ ಆ ಕೈಗಳಿಗೆ ನಮಸ್ಕಾರ ಹೇಳಲೇಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಒಟ್ಟಾಗಿ ವಿಶ್ವಪರಂಪರೆಯ ಪಟ್ಟಿ ಸೇರಿದ್ದು ಕನ್ನಡಿಗರೆಲ್ಲರಿಗೂ ಅಭಿಮಾನದ ಸಂಗತಿ.

ಬೇಲೂರಿನ ಇನ್ನೊಂದು ವಿಶೇಷವೆಂದರೆ ಶಿಲ್ಪಿಗಳು ಮೂರ್ತಿಗಳ ಕೆಳಗೆ ತಮ್ಮ ಹೆಸರು ಕೆತ್ತಿರುವುದು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರು ಅಲ್ಲಿ ಇಂದಿಗೂ ಓದಲು ಸಿಗುತ್ತದೆ. ದುಡಿದ ಕೈಗೆ ಹೆಸರು ಬಂದದ್ದು ಸಂತೋಷವೇ. ಆದರೆ ಆ ಮೂರ್ತಿಗಳಿಗೆ ರೂಪ ಕೊಟ್ಟ ಹೆಣ್ಣುಗಳ ಹೆಸರೇನು? ದರ್ಪಣಸುಂದರಿ, ಶುಕಭಾಷಿಣಿ ಎಂದು ಅವರು ಹಿಡಿದ ವಸ್ತುವಿನಿಂದಲೋ ನಿಂತ ಭಂಗಿಯಿಂದಲೋ ಗುರುತಿಸುತ್ತೇವೆ, ಅಷ್ಟೇ. ವಿಷ್ಣುವರ್ಧನನ ರಾಣಿ ಶಾಂತಲೆಯೇ ಈ ಮೂರ್ತಿಗಳಿಗೆ ಮಾದರಿ ಎಂಬ ಮಾತು ಜನರ ಬಾಯಲ್ಲಿದೆ. ಶಾಸನಗಳು ಹೇಳುವ ಶಾಂತಲೆ ಅದಕ್ಕಿಂತ ದೊಡ್ಡವಳು. ಗೀತ, ವಾದ್ಯ, ನೃತ್ಯಗಳಲ್ಲಿ ಪರಿಣತೆ. ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದ ಧರ್ಮಾತ್ಮೆ. ಗಂಡನು ವಿಷ್ಣುವಿಗೆ ಗುಡಿ ಕಟ್ಟಿಸಿದಾಗಲೂ ತಾನು ನಂಬಿದ ಜಿನಧರ್ಮವನ್ನು ಬಿಡದೆ ನಡೆದವಳು. ಚೆಲುವೆಯ ಶಾಂತಲೆಯನ್ನು ನೆನೆಯುವ ನಾವು ದೃಢಮನಸ್ಸಿನ ಶಾಂತಲೆಯನ್ನು ನೆನೆಯುವುದು ಕಡಿಮೆ.

ಗುಡಿಯಿಂದ ಊರ ಹೊರಗೆ ಬಂದರೆ ಹೊಲದ ಬದುವಿನಲ್ಲೋ ಕೆರೆಯ ಏರಿಯ ಮೇಲೋ ಮತ್ತೊಂದು ಬಗೆಯ ಶಿಲ್ಪ ಸಿಗುತ್ತದೆ. ಕಲ್ಲಿನಲ್ಲಿ ಒಂದು ಕಂಬ, ಆ ಕಂಬದಿಂದ ಹೊರಟ, ಮೊಣಕೈ ಮಡಿಸಿ ಮೇಲೆತ್ತಿದ ಕೈ, ಕೈತುಂಬ ಬಳೆ, ಮೇಲೆ ಸೂರ್ಯಚಂದ್ರರು. ಹಳ್ಳಿಯ ಹಿರಿಯರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅದು ಮಾಸ್ತಿಕಲ್ಲು, ಮಹಾಸತಿಯ ಕಲ್ಲು. ಗಂಡನ ಚಿತೆಯೇರಿದವಳ ನೆನಪು. ಹೆಗ್ಗಡದೇವನಕೋಟೆ ತಾಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ದೇಕಬ್ಬೆ ಎಂಬ ಹೆಣ್ಣುಮಗಳ ಗಂಡನಿಗೆ ತಲಕಾಡಿನಲ್ಲಿ ಮರಣದಂಡನೆಯಾಯಿತು. ಸುದ್ದಿ ತಿಳಿದು ಅವಳು ಬೆಂಕಿಗೆ ಬೀಳಲು ಸಿದ್ಧಳಾದಳು. ಹೆತ್ತವರು ಬೇಡ ಮಗಳೇ ಎಂದು ಎಷ್ಟು ಅಂಗಲಾಚಿದರೂ ಆಕೆ ನಿಲ್ಲಲಿಲ್ಲ. ಆ ಕಲ್ಲನ್ನು ನೋಡುವವರು ಅವಳ ಧೈರ್ಯಕ್ಕೆ ಕೈ ಮುಗಿಯುತ್ತಾರೆ. ನಮಗೆ ಆ ಹೆತ್ತವರ ಕೂಗು ಮೊದಲು ಕೇಳಿಸುತ್ತದೆ. ಬಳೆ ತೊಟ್ಟ ಕೈಯನ್ನು ಉಳಿಸಿಕೊಳ್ಳಬೇಕೆಂದು ಅವರು ಅತ್ತರು. ಊರು ಆ ಕೈಯನ್ನು ಕಲ್ಲಿನಲ್ಲಿ ಮಾತ್ರ ಉಳಿಸಿತು.

ಗಂಡ ಸತ್ತ ಮೇಲೆ ಹೆಣ್ಣಿಗೆ ಅದೊಂದೇ ದಾರಿಯಿತ್ತೆಂಬುದೂ ನಿಜವಲ್ಲ. ಹತ್ತನೆಯ ಶತಮಾನದ ಆರಂಭದಲ್ಲಿ, ಎಂದರೆ ದೇಕಬ್ಬೆಗಿಂತ ಒಂದು ಶತಮಾನಕ್ಕೂ ಹಿಂದೆ, ಶಿಕಾರಿಪುರ ತಾಲೂಕಿನ ಬಂದಳಿಕೆಯ ಸೀಮೆಯಲ್ಲಿ ಜಕ್ಕಿಯಬ್ಬೆ ಎಂಬುವಳು ಬಾಳಿದಳು. ಗಂಡ ತೀರಿಕೊಂಡ ಮೇಲೆ ರಾಷ್ಟ್ರಕೂಟ ಅರಸನ ಒಪ್ಪಿಗೆಯಿಂದ ನಾಗರಖಂಡ ಎಪ್ಪತ್ತರ ನಾಡಗೌಡಿಕೆಯನ್ನು ತಾನೇ ವಹಿಸಿಕೊಂಡು ನಾಡನ್ನು ಆಳಿದಳು. ಶಾಸನ ಅವಳ ಆಡಳಿತದ ಜಾಣ್ಮೆಯನ್ನು ಕೊಂಡಾಡುತ್ತದೆ. ಬೆಂಕಿಗೆ ಬಿದ್ದವಳ ಕಲ್ಲು ಊರೂರಿಗೆ ಇದೆ. ಬದುಕಿ ಆಳಿದವಳ ಕಥೆಯನ್ನು ಮಕ್ಕಳಿಗೆ ಹೇಳುವವರೇ ಕಡಿಮೆ. ಸತಿ ಪದ್ಧತಿಯನ್ನು ಬಂಗಾಳದಲ್ಲಿ 1829ರಲ್ಲಿ ನಿಷೇಧಿಸಿದರು. ರಾಜಸ್ಥಾನದ ದೇವರಾಲಾ ಎಂಬಲ್ಲಿ 1987ರಲ್ಲಿ ನಡೆದ ಘಟನೆಯ ತರುವಾಯ ಅದನ್ನು ವೈಭವೀಕರಿಸುವುದೂ ಅಪರಾಧವೆಂದು ಕಾಯಿದೆ ಬಂತು. ಹಳೆಯ ಕಲ್ಲುಗಳನ್ನು ಇತಿಹಾಸವೆಂದು ಕಾಪಾಡೋಣ. ಆದರೆ ಅವುಗಳ ಮುಂದೆ ನಿಂತು ಹೆಣ್ಣಿನ ಹಿರಿಮೆ ಸಾಯುವುದರಲ್ಲಿದೆ ಎಂದು ಯಾವ ಮಗುವಿಗೂ ಹೇಳಬಾರದು.

ಇಲ್ಲಿಯವರೆಗೆ ಕಲ್ಲಿನ ಮಾತಾಯಿತು. ಇನ್ನು ಕಾವ್ಯಪುರಾಣಗಳ ಮಾತು. ‘ಹೆಣ್ಣು ಮಾಯೆ’ ಎಂಬ ನುಡಿ ನಮ್ಮ ಜನರ ನಾಲಿಗೆಯ ತುದಿಯಲ್ಲಿದೆ. ಇದಕ್ಕೆ ಅಲ್ಲಮಪ್ರಭುಗಳ ಚರಿತ್ರೆಯನ್ನು ಆಧಾರವಾಗಿ ತೋರಿಸುವವರೂ ಇದ್ದಾರೆ. ಆದ್ದರಿಂದ ಆ ಚರಿತ್ರೆ ಎರಡು ಕಾವ್ಯಗಳಲ್ಲಿ ಹೇಗೆ ಬಂದಿದೆ ಎಂಬುದನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು. ಹರಿಹರ ಮಹಾಕವಿಯು ಪ್ರಭುದೇವರ ರಗಳೆಯಲ್ಲಿ ಹೇಳುವ ಕಥೆ ಹೀಗಿದೆ. ಬಳ್ಳಿಗಾವೆಯಲ್ಲಿ ಮದ್ದಳೆ ನುಡಿಸುತ್ತಿದ್ದ ತರುಣ ಅಲ್ಲಮನು ಕಮಲತೆ ಎಂಬವಳನ್ನು ಮೆಚ್ಚಿ ಮದುವೆಯಾದನು. ಅವಳು ಜ್ವರ ಬಂದು ತೀರಿಕೊಂಡಳು. ಆ ದುಃಖದಲ್ಲಿ ಅಲೆಯುತ್ತಿದ್ದವನಿಗೆ ಅನಿಮಿಷಯ್ಯನ ದರ್ಶನವಾಗಿ ಲಿಂಗ ದೊರೆಯಿತು. ಇಲ್ಲಿ ಕಮಲತೆ ಮಾಯೆಯಲ್ಲ, ಮೋಸಗಾತಿಯಲ್ಲ. ನಮ್ಮ ನಿಮ್ಮ ಮನೆಯ ಹೆಣ್ಣುಮಗಳಂತೆ ಪ್ರೀತಿಸಿದವಳು, ಜ್ವರಕ್ಕೆ ತುತ್ತಾದವಳು.

ಮುಂದೆ ಹದಿನೈದನೆಯ ಶತಮಾನದಲ್ಲಿ, ಪ್ರೌಢದೇವರಾಯನ ಕಾಲದಲ್ಲಿ, ಚಾಮರಸ ಕವಿಯು ಪ್ರಭುಲಿಂಗಲೀಲೆಯನ್ನು ಬರೆದನು. ಅಲ್ಲಿ ಕಥೆ ಪೂರ್ತಿ ಬದಲಾಗುತ್ತದೆ. ಅಲ್ಲಮನನ್ನು ಮರುಳುಗೊಳಿಸಿ ತೋರಿಸುತ್ತೇನೆಂದು ಪಾರ್ವತಿಯು ಶಿವನೊಡನೆ ಪಂಥ ಕಟ್ಟಿ, ತನ್ನ ತಾಮಸ ಕಳೆಯನ್ನು ಭೂಮಿಗೆ ಕಳುಹಿಸುತ್ತಾಳೆ. ಅದು ಬನವಸೆಯ ಮಮಕಾರ ರಾಜನ ಮಗಳು ಮಾಯೆಯಾಗಿ ಹುಟ್ಟುತ್ತದೆ. ಪ್ರಭುವು ಅವಳ ಬಲೆಗೆ ಬೀಳುವುದಿಲ್ಲ. ಹರಿಹರನ ಕಮಲತೆ ಚಾಮರಸನಲ್ಲಿ ಮಾಯೆಯಾಗಿ ಮಾರ್ಪಟ್ಟಳು. ಕವಿಯದು ತತ್ತ್ವವನ್ನು ಕಥೆಯಾಗಿಸುವ ರೂಪಕ. ಮಮಕಾರನ ಮಗಳು ಮಾಯೆ ಎಂದರೆ ‘ನನ್ನದು’ ಎಂಬ ಹಂಬಲದಿಂದ ಹುಟ್ಟಿದ್ದೇ ಮೋಹ ಎಂದರ್ಥ. ಆದರೆ ಕೇಳಿದ ಜನ ರೂಪಕವನ್ನು ಬಿಟ್ಟರು, ಹೆಣ್ಣನ್ನು ಹಿಡಿದುಕೊಂಡರು. ಮಾಯೆ ಹೆಣ್ಣಿನ ರೂಪದಲ್ಲಿ ಬಂದಳು ಎಂಬ ಕಥೆ ಹೆಣ್ಣೆಲ್ಲ ಮಾಯೆ ಎಂಬ ಗಾದೆಯಾಯಿತು.

ಅದೇ ಕಾವ್ಯದ ಮುಂದಿನ ಭಾಗವನ್ನು ಹೀಗೆ ಹೇಳುವವರು ನೆನೆಯುವುದಿಲ್ಲ. ತಾಮಸ ಕಳೆ ಸೋತ ಮೇಲೆ ಪಾರ್ವತಿಯು ತನ್ನ ಸಾತ್ವಿಕ ಕಳೆಯನ್ನು ಕಳುಹಿಸುತ್ತಾಳೆ. ಅವಳೇ ಉಡುತಡಿಯಲ್ಲಿ ನಿರ್ಮಲ, ಸುಮತಿಯರ ಮಗಳಾಗಿ ಹುಟ್ಟಿದ ಮಹಾದೇವಿಯಕ್ಕ. ಮಾಯೆ ಯಾವ ತಾಯಿಯ ಕಳೆಯೋ ಅಕ್ಕನೂ ಅದೇ ತಾಯಿಯ ಕಳೆ ಎಂದು ಕವಿಯೇ ಹೇಳಿದ ಮೇಲೆ ಹೆಣ್ಣುಕುಲವನ್ನು ದೂಷಿಸಲು ಆ ಗ್ರಂಥದಲ್ಲಿ ಎಡೆಯೆಲ್ಲಿದೆ? ಅಲ್ಲಮಪ್ರಭುಗಳಾದರೂ ತಮ್ಮ ವಚನಗಳಲ್ಲಿ ಮಾಯೆಯನ್ನು ಹೊನ್ನಿನಲ್ಲಾಗಲಿ ಹೆಣ್ಣಿನಲ್ಲಾಗಲಿ ಮಣ್ಣಿನಲ್ಲಾಗಲಿ ಹುಡುಕಲಿಲ್ಲ. ನೋಡುವವನ ಅಂತರಂಗದ ಬಯಕೆಯಲ್ಲಿ ಅದನ್ನು ಗುರುತಿಸಿದರು. ಕಳ್ಳತನಕ್ಕೆ ಬಂಗಾರವನ್ನು ದೂರುವುದು ಎಷ್ಟು ಸರಿಯೋ ಗಂಡಸಿನ ಚಪಲಕ್ಕೆ ಹೆಣ್ಣನ್ನು ದೂರುವುದೂ ಅಷ್ಟೇ ಸರಿ.

ಭೂಪಟವನ್ನು ಬಿಚ್ಚಿ ನೋಡಿದರೆ ಇಲ್ಲೊಂದು ಸೋಜಿಗ ಕಾಣುತ್ತದೆ. ಬೇಲೂರಿಗೆ ಹೋಗಿ ಮದನಿಕೆಯರನ್ನು ಕೆತ್ತಿದ ದಾಸೋಜನ ಊರು ಬಳ್ಳಿಗಾವೆ. ಅಲ್ಲಮಪ್ರಭುಗಳ ಊರೂ ಬಳ್ಳಿಗಾವೆ. ಮಹಾದೇವಿಯಕ್ಕನ ಉಡುತಡಿ ಅದರ ನೆರೆಯಲ್ಲೇ ಇದೆ. ಬೀದಿಯ ಕಸ ಗುಡಿಸುವ ಕಾಯಕದ ಸತ್ಯಕ್ಕನ ಹಿರೇಜಂಬೂರು, ಮೇಲೆ ಹೇಳಿದ ಜಕ್ಕಿಯಬ್ಬೆಯ ಬಂದಳಿಕೆ ಎಲ್ಲವೂ ಇಂದಿನ ಶಿಕಾರಿಪುರ ತಾಲೂಕಿನವೇ. ಒಂದೇ ನೆಲದಿಂದ ಹೊರಟ ಶಿಲ್ಪಿಯ ಬಳಗ ಹೆಣ್ಣಿನ ಕೈಗೆ ಕನ್ನಡಿ ಕೊಟ್ಟು ಕಂಬದ ಮೇಲೆ ನಿಲ್ಲಿಸಿತು. ಕೆಲವೇ ದಶಕಗಳು ಕಳೆಯುವುದರೊಳಗೆ ಅದೇ ನೆಲದ ಹೆಣ್ಣುಮಗಳೊಬ್ಬಳು ಕನ್ನಡಿಯನ್ನು ಬಿಟ್ಟು, ಅಂಗೈಯಲ್ಲಿ ಲಿಂಗವನ್ನು ಹಿಡಿದು, ಕಲ್ಯಾಣದ ಹಾದಿಯಲ್ಲಿ ನಡೆದಳು. ಮದನಿಕೆಯನ್ನು ಇತರರು ನೋಡಿದರು. ಅಕ್ಕ ತಾನೇ ನೋಡಿದಳು, ಕಂಡದ್ದನ್ನು ನುಡಿದಳು. ಹೆಣ್ಣಿನ ಚಿತ್ರಣದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ತಿರುವು ಕನ್ನಡನಾಡಿನಲ್ಲಿ ಮತ್ತೊಂದಿಲ್ಲ.

ಆದರೂ ಅಕ್ಕನನ್ನು ನಾವು ಹೇಗೆ ಚಿತ್ರಿಸಿಕೊಂಡೆವು? ಕೌಶಿಕನೊಡನೆ ಅವಳ ಮದುವೆ ಕರಾರಿನ ಮೇಲೆ ಆಗಿತ್ತೆಂದು ಹರಿಹರ ಹೇಳಿದ. ಆಗಲೇ ಇಲ್ಲವೆಂದು ಚಾಮರಸ ಹೇಳಿದ. ಅಂದಿನಿಂದ ಇಂದಿನವರೆಗೆ ಮದುವೆ ಆಗಿತ್ತೋ ಇಲ್ಲವೋ ಎಂಬ ಚರ್ಚೆಯಲ್ಲೇ ನಮ್ಮ ಎಷ್ಟೋ ಸಭೆಗಳು ಮುಗಿದಿವೆ. ಕ್ಯಾಲೆಂಡರಿನ ಪಟಗಳಲ್ಲಿ ಅವಳ ಉದ್ದ ಕೂದಲೇ ಪ್ರಧಾನ. ಅನುಭವಮಂಟಪಕ್ಕೆ ಬಂದಾಗ ಅದೇ ಕೂದಲಿನ ವಿಷಯವಾಗಿ ಪ್ರಭುದೇವರು ಅವಳನ್ನು ಪರೀಕ್ಷಿಸಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಎಲ್ಲವನ್ನೂ ತೊರೆದವಳು ದೇಹವನ್ನು ಕೂದಲಿನಿಂದ ಮರೆಮಾಡಿದ್ದೇಕೆ ಎಂಬುದು ಪ್ರಶ್ನೆ. ನೋಡುವವರ ಮನಸ್ಸು ಕಲಕಬಾರದು ಎಂಬುದಕ್ಕಾಗಿ ಎಂಬ ಅರ್ಥದ ಉತ್ತರವನ್ನು ಅವಳು ಕೊಟ್ಟಳು. ನಾಚಿ ನಡುಗಲಿಲ್ಲ, ಸಿಟ್ಟಾಗಲಿಲ್ಲ. ಪ್ರಶ್ನೆಯನ್ನು ನೋಡುವವರ ಕಣ್ಣಿಗೇ ಹಿಂದಿರುಗಿಸಿದಳು. ಪಟದಲ್ಲಿ ಕೂದಲು ಉಳಿಯಿತು, ಉತ್ತರ ಉಳಿಯಲಿಲ್ಲ. ಪಟಕ್ಕೆ ಹೂವಿನ ಹಾರ ಹಾಕುವವರು ಉತ್ತರವನ್ನು ಓದಬೇಕು.

ಅಕ್ಕ ಒಬ್ಬಳೇ ಅಲ್ಲ. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ದೊರೆತಿವೆ. ಅಣ್ಣ ಅಜಗಣ್ಣನನ್ನು ಕಳೆದುಕೊಂಡ ಮುಕ್ತಾಯಕ್ಕ ಪ್ರಭುದೇವರೊಡನೆಯೇ ವಾದಕ್ಕೆ ನಿಂತಳು. ನೂಲುವ ಕದಿರ ರೆಮ್ಮವ್ವೆ ಇದ್ದಾಳೆ. ಸಮಾಜ ಹೊರಗಿಟ್ಟ ಸೂಳೆ ಸಂಕವ್ವೆಯದೂ ಒಂದು ವಚನ ಉಳಿದು ಬಂದಿದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಲೆಯ ಮೇಲೆ ಇಡಲಿಲ್ಲ. ನಮಗೆ ಬೇಕಾದ್ದಕ್ಕಿಂತ ಹೆಚ್ಚಿನದು ನಮ್ಮದಲ್ಲ, ತಂದಲ್ಲಿಯೇ ಸುರಿದು ಬಾ ಎಂದು ಗಂಡನನ್ನು ತಿರುಗಿ ಕಳುಹಿಸಿದಳು. ಗಂಡನು ಹೋದನು, ಬಡವನಾದರೂ ಮಾತು ತಿಳಿಯುವವನು ಅವನು. ಹೆಂಡತಿಯ ಮಾತು ಕೇಳಿದವನೆಂದು ಅಂದಿನ ಕಲ್ಯಾಣ ಅವನನ್ನು ನಗಲಿಲ್ಲ, ಶರಣನೆಂದು ಕೊಂಡಾಡಿತು. ಲಿಂಗದೀಕ್ಷೆಯಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ, ಮುಟ್ಟು ಮೈಲಿಗೆಯೆಂಬ ಸೂತಕವಿಲ್ಲ ಎಂದು ನಮ್ಮ ಧರ್ಮ ಸಾರಿದ್ದು ಇಂಥ ನಡೆಯಿಂದಲೇ.

ಈ ಶರಣೆಯರ ಮಾತು ಶತಮಾನಗಳ ಕಾಲ ಓಲೆಗರಿಯ ಕಟ್ಟುಗಳಲ್ಲಿ ಮಲಗಿತ್ತು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿದಾಗ ಅದರಲ್ಲೊಂದು ಸಂಪುಟ ಪೂರ್ತಿಯಾಗಿ ಶಿವಶರಣೆಯರದೇ ಆಯಿತು. ಕಲ್ಲಿನ ಮದನಿಕೆ ತನ್ನ ಬಗ್ಗೆ ಏನು ಹೇಳುತ್ತಿದ್ದಳೋ ನಮಗೆ ತಿಳಿಯುವ ದಾರಿಯಿಲ್ಲ. ಶರಣೆ ಏನು ಹೇಳಿದಳೆಂಬುದು ಅಚ್ಚಾಗಿ ನಮ್ಮ ಕೈಯಲ್ಲಿದೆ. ಓದದೆ ಇರುವುದಕ್ಕೆ ನಮಗೆ ಯಾವ ನೆಪವೂ ಉಳಿದಿಲ್ಲ.

ಇನ್ನು ಮನೆಮನೆಯ ಜಗುಲಿಯ ಮೇಲಿರುವ ಪಟಗಳ ವಿಚಾರ. ಕೇರಳದ ರಾಜಾ ರವಿವರ್ಮ (1848–1906) ಎಂಬ ಚಿತ್ರಕಾರರು 1894ರಲ್ಲಿ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದು ಲಕ್ಷ್ಮಿ, ಸರಸ್ವತಿಯರ ಬಣ್ಣದ ಪಟಗಳನ್ನು ಅಚ್ಚು ಹಾಕಿಸಿದರು. ಗುಡಿಯೊಳಗೆ ಬಿಟ್ಟುಕೊಳ್ಳದಿದ್ದ ಜನರ ಮನೆಗೂ ಆಗ ದೇವಿ ತಾನಾಗಿ ನಡೆದು ಬಂದಳು. ಅದುವರೆಗೆ ಶಿಲ್ಪಶಾಸ್ತ್ರದ ಅಳತೆಯಲ್ಲಿದ್ದ ದೇವಿಗೆ ರವಿವರ್ಮರು ಸೀರೆ ಉಡಿಸಿದರು, ಮನೆಯ ಸೊಸೆಯ ಮುಖವನ್ನು ಕೊಟ್ಟರು. ಅಂದರೆ ಆ ಪಟದಲ್ಲಿರುವ ಮಹಾಲಕ್ಷ್ಮಿ ನಮ್ಮ ಹೆಣ್ಣುಮಕ್ಕಳ ಹಾಗೆಯೇ ಕಾಣುತ್ತಾಳೆ. ಪಟದ ಲಕ್ಷ್ಮಿಗೆ ಊದುಬತ್ತಿ ಬೆಳಗಿ, ಸೀರೆಯುಟ್ಟು ಎದುರಿಗೆ ನಿಂತ ಸೊಸೆಗೆ ವರದಕ್ಷಿಣೆ ಸಾಲದೆಂದು ಕಣ್ಣೀರು ಹಾಕಿಸಿದರೆ ಯಾವ ಲಕ್ಷ್ಮಿ ಆ ಮನೆಯಲ್ಲಿ ನಿಂತಾಳು?

ನಮ್ಮ ಕಾಲದ ಶಿಲ್ಪವೆಂದರೆ ಕೂಡುರಸ್ತೆಯ ಪುತ್ಥಳಿಗಳು. ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಕುದುರೆಯೇರಿ ಖಡ್ಗವೆತ್ತಿದ ಕಿತ್ತೂರು ರಾಣಿಯನ್ನು ನೋಡಿ ಎದೆಯುಬ್ಬದ ಕನ್ನಡಿಗನಿಲ್ಲ. 2007ರಲ್ಲಿ ದಿಲ್ಲಿಯ ಸಂಸತ್ತಿನ ಆವರಣದಲ್ಲೂ ಅವಳ ಪ್ರತಿಮೆ ನಿಂತಿತು. ಮೇಲೆತ್ತಿದ ಆ ಕೈ ಮಾಸ್ತಿಕಲ್ಲಿನ ಕೈಯಲ್ಲ. ಬದುಕಲು, ಕಾದಲು ಎತ್ತಿದ ಕೈ. ಆದರೆ ಅವಳ ಹೋರಾಟ ಖಡ್ಗದಿಂದ ಆರಂಭವಾದದ್ದಲ್ಲ. ದತ್ತುಮಗ ಶಿವಲಿಂಗಪ್ಪನಿಗೆ ಸಂಸ್ಥಾನದ ಹಕ್ಕು ಉಂಟೆಂದು ಅವಳು ಮೊದಲು ನ್ಯಾಯ ಕೇಳಿದಳು. ಧಾರವಾಡದ ಕಲೆಕ್ಟರ ಥ್ಯಾಕರೆ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ 1824ರ ಅಕ್ಟೋಬರಿನಲ್ಲಿ ನಡೆದದ್ದು ಎಲ್ಲರಿಗೂ ಗೊತ್ತು. ಹೆಣ್ಣಿನ ಮಾತನ್ನು ಕೇಳದಿದ್ದದ್ದೇ ಆ ಯುದ್ಧದ ಬೀಜ.

ಭಕ್ತಮಹನೀಯರೇ, ಈ ಎಲ್ಲ ವಿಚಾರ ಏಕೆ ಹೇಳಬೇಕಾಯಿತೆಂದರೆ, ಮಠಕ್ಕೆ ಬರುವ ಅನೇಕ ಹಿರಿಯರು ಮಗಳ ಲಗ್ನಕ್ಕೆ ಮುಹೂರ್ತ ಕೇಳುತ್ತಾರೆ. “ಮಗಳನ್ನು ಕೇಳಿದಿರೇನು?” ಎಂದು ನಾವು ವಿಚಾರಿಸಿದರೆ, “ಅಕೀನ್ನೇನ್ ಕೇಳೂದ್ರೀ ಅಪ್ಪಾರ, ಹಿರೇರು ನಾವು ಮಾತಾಡೇವಿ” ಎಂಬ ಉತ್ತರ ಬರುತ್ತದೆ. ಮಗಳು ಅಲ್ಲಿಯೇ ಕಂಬಕ್ಕೆ ಒರಗಿ ನಿಂತಿರುತ್ತಾಳೆ. ಕಲ್ಲಿನ ಮದನಿಕೆಯಾದರೂ ಕಂಬದ ಮೇಲಿದ್ದಾಳೆ. ಈ ಮಗಳು ಕಂಬದ ಮರೆಯಲ್ಲಿ. ಹೆಣ್ಣಿನ ಚಿತ್ರವನ್ನು ದೇವಿಯೆಂದು, ಚೆಲುವೆಯೆಂದು, ಮಾಯೆಯೆಂದು, ಮಹಾಸತಿಯೆಂದು ನಾವು ಬರೆದದ್ದು ಸಾಕು. ಅವಳ ಚಿತ್ರವನ್ನು ಅವಳೇ ಹೇಳಲಿ. ಓದಬೇಕೆನ್ನುತ್ತಾಳೋ, ಈ ವರ ಬೇಡವೆನ್ನುತ್ತಾಳೋ, ನಮ್ಮ ಆಯ್ಕೆ ಸರಿಯೆನ್ನುತ್ತಾಳೋ, ಮೊದಲು ಕೇಳಿ. ಹದಿನೆಂಟು ತುಂಬದವಳಾದರೆ ಕೇಳುವ ಪ್ರಶ್ನೆಯೇ ಇಲ್ಲ, ಅವಳು ಶಾಲೆಯಲ್ಲಿರಬೇಕು.

ಆಸ್ತಿಯ ವಿಷಯದಲ್ಲೂ ಇದೇ ಮಾತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲಿಯೇ ಜಾರಿಗೆ ಬಂತು. 2005ರಲ್ಲಿ ದೇಶಕ್ಕೆಲ್ಲ ಅಂಥ ಕಾನೂನಾಯಿತು. ಆದರೂ ಪಂಚಮಿಗೆಂದು ತವರಿಗೆ ಕರೆದು, ಒಂದು ಸೀರೆ ಉಡಿಸಿ, ಉಡಿ ತುಂಬಿ, ಹಕ್ಕು ಬಿಟ್ಟ ಪತ್ರಕ್ಕೆ ರುಜು ಹಾಕಿಸಿಕೊಳ್ಳುವ ಅಣ್ಣತಮ್ಮಂದಿರಿದ್ದಾರೆ. ಮಗಳು ಸಂತೋಷದಿಂದ ಬಿಟ್ಟುಕೊಟ್ಟರೆ ಅದು ಅವಳ ಔದಾರ್ಯ. ಹೆದರಿಸಿ, ತವರು ತಪ್ಪೀತೆಂಬ ಅಳುಕು ಹುಟ್ಟಿಸಿ ಪಡೆದರೆ ಅದು ಲಕ್ಕಮ್ಮ ತಿರುಗಿ ಕಳುಹಿಸಿದ ಹೆಚ್ಚಿನ ಅಕ್ಕಿಯಂಥದು. ನಮ್ಮ ಒಲೆಯ ಮೇಲೆ ಬೇಯಲು ಯೋಗ್ಯವಲ್ಲ.

ಎಲ್ಲಕ್ಕಿಂತ ಮೊದಲಿನ ಮಾತು ಹುಟ್ಟುವ ಹಕ್ಕಿನದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಆರು ವರ್ಷದೊಳಗಿನ 1,000 ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು. ಗರ್ಭದಲ್ಲಿರುವ ಕೂಸು ಗಂಡೋ ಹೆಣ್ಣೋ ಎಂದು ತಿಳಿದು ಹೇಳುವುದನ್ನು 1994ರ ಕಾಯಿದೆ ನಿಷೇಧಿಸಿದೆ. ಕಾನೂನಿನ ಕಣ್ಣು ತಪ್ಪಿಸಬಹುದು, ಶಿವನ ಕಣ್ಣು ತಪ್ಪಿಸಲಾಗದು. ಹೊಟ್ಟೆಯಲ್ಲಿಯೇ ಹೆಣ್ಣನ್ನು ಬೇಡವೆಂದವನು ಶಕ್ತಿಯನ್ನು ಬಿಟ್ಟು ಶಿವನನ್ನು ಸುತ್ತಿದ ಭೃಂಗಿಯ ಹಾಗೆ. ಅವನ ಮನೆ ಎಲುಬಿನ ಹಂದರವಾದೀತೇ ಹೊರತು ಬೆಳೆಯದು.

ಬೇಲೂರಿಗೆ ಹೋಗಿರಿ, ಪಟ್ಟದಕಲ್ಲಿಗೆ ಹೋಗಿರಿ, ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಿ ತೋರಿಸಿರಿ. ಮದನಿಕೆಯ ಬಳೆಯನ್ನು ತೋರಿಸುವಾಗ ಲೋಕಮಹಾದೇವಿಯ ಹೆಸರನ್ನೂ ಹೇಳಿರಿ. ಮಾಸ್ತಿಕಲ್ಲನ್ನು ತೋರಿಸುವಾಗ ಜಕ್ಕಿಯಬ್ಬೆಯ ಕಥೆಯನ್ನೂ ಹೇಳಿರಿ. ಅಕ್ಕನ ಪಟಕ್ಕೆ ಹೂವೇರಿಸಿದ ಮೇಲೆ ಅವಳ ಒಂದು ವಚನವನ್ನು ಮನೆಯ ಹೆಣ್ಣುಮಗಳ ಬಾಯಿಂದ ಓದಿಸಿ, ಎಲ್ಲರೂ ಕುಳಿತು ಕೇಳಿರಿ. ಓದಿ ಮುಗಿಸಿದ ಆ ಮಗಳಿಗೆ ತನ್ನದೇ ಆದ ಮಾತೇನಾದರೂ ಇದ್ದರೆ ಅದನ್ನೂ ಕೇಳಿರಿ.

ಎಲ್ಲ ಮನೆಗಳಲ್ಲೂ ಹೆಣ್ಣುಮಕ್ಕಳ ಕಣ್ಣು ಒದ್ದೆಯಾಗದಿರಲಿ, ದನಿ ಅಡಗದಿರಲಿ. ಮಳೆಬೆಳೆ ಸಕಾಲಕ್ಕಾಗಿ ಸರ್ವರಿಗೂ ಸನ್ಮಂಗಲವುಂಟಾಗಲೆಂದು ಹಾರೈಸುತ್ತೇವೆ.

ಇಂತಿ ಶಿವಾಶೀರ್ವಾದಗಳು.